ನಮ್ಮ ಮನೆ ಬ್ರೆಡ್ಡಿಗೆ ಕರೆಯದೆ ಬರುವ ಸೈನೈಡ್ ಗುಡ್ಡಕ್ಕೆ

ಮಾನ್ಯ ಸೈನೈಡ್ ಗುಡ್ಡದವರೇ,

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನ ನಿವಾಸಿಯೂ ತಮ್ಮ ಹುಟ್ಟು ನೆರೆಯವನೂ ಆದ ಕೋದಂಡಪ್ಪನ ಸಾಷ್ಟಾಂಗ ನಮಸ್ಕಾರಗಳು. ನಮಸ್ಕಾರವನ್ನು ಕಿಟಕಿ ಮುಚ್ಚಿಕೊಂಡು ಮನೆಯೊಳಗಿಂದಲೇ ಸಲ್ಲಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಆಷಾಢದ ಗಾಳಿ ಶುರುವಾದಾಗಿನಿಂದ ತಾವೇ ದೊಡ್ಡ ಮನಸ್ಸು ಮಾಡಿ ನಮ್ಮ ಅಂಗಳಕ್ಕೆ ಬರುತ್ತಿದ್ದೀರಿ.

ಗಣಿಯಿಂದ ಎತ್ತಿದ ಕಲ್ಲನ್ನು ಪುಡಿ ಮಾಡಿ, ಸೈನೈಡ್ ಬೆರೆಸಿ ಚಿನ್ನವನ್ನೆಲ್ಲ ತೆಗೆದುಕೊಂಡ ಮೇಲೆ ಉಳಿದ ಹುಡಿಯೇ ತಾವು ಎಂಬುದನ್ನು ಬಲ್ಲೆ. ನಮ್ಮಪ್ಪ ಒಡೆದ ಕಲ್ಲೂ ತಮ್ಮೊಳಗಿರುವುದರಿಂದ ನಾವು ದಾಯಾದಿಗಳೆಂದರೂ ತಪ್ಪಿಲ್ಲ. ಸಿನಿಮಾದವರು ಬಂದು ತಮ್ಮ ನೆತ್ತಿಯ ಮೇಲೆ ಹೊಡೆದಾಡುವಾಗ ಹೆಮ್ಮೆಯಿಂದ ನಮ್ಮ ಎದೆ ಉಬ್ಬುತ್ತದೆ, ಆಮೇಲೆ ಕೆಮ್ಮು ಬರುತ್ತದೆ.

ಕೆಮ್ಮಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಕಲ್ಪನ ಕಳೆದ ವರ್ಷದಿಂದ ಕೆಮ್ಮುತ್ತಿದ್ದಾಳೆ, ಅದನ್ನು ಕೇಳಿದರೆ ನನಗೆ ಭಯವಾಗುತ್ತದೆ. ಬಂಗಾರಪೇಟೆಯ ಡಾಕ್ಟರು ಪರೀಕ್ಷಿಸಿ, ಮೈದಾ ಬಿಡಿ, ಮನೆಯಲ್ಲೇ ಬೆಳೆದ ಸೊಪ್ಪು ತರಕಾರಿ ತಿನ್ನಿ, ಮುಖ್ಯವಾಗಿ ಧೂಳಿನಿಂದ ದೂರವಿರಿ ಎಂದರು. ಮೊದಲೆರಡನ್ನು ನಾನು ವಹಿಸಿಕೊಂಡೆ. ಕೊನೆಯದು ತಮ್ಮ ಇಲಾಖೆಗೆ ಸೇರಿದ್ದು.

ದಂಟು, ಮೆಂತ್ಯ, ಟೊಮೇಟೊ ಬೀಜ ತಂದೆ. ಪೊಟ್ಟಣದ ಮೇಲೆ, ಬೀಜ ಹಾಕುವ ಮಣ್ಣು ಜರಡಿ ಹಿಡಿದಂತೆ ನಯವಾಗಿರಬೇಕು ಎಂದು ಬರೆದಿತ್ತು. ಈ ಊರಿನಲ್ಲಿ ತಮಗಿಂತ ನಯವಾದವರು ಯಾರಿದ್ದಾರೆ ಎಂದು ನಾನೇ ಹೋಗಿ ತಮ್ಮಿಂದ ಒಂದು ಚೀಲ ತುಂಬಿಸಿಕೊಂಡು ಬಂದೆ. ನೀರು ಬಿದ್ದು ಒಣಗಿದ್ದೇ ತಡ, ತಾವು ಗಾರೆಯಂತೆ ಗಟ್ಟಿಯಾಗಿ ಬೀಜಗಳಿಗೆಲ್ಲ ಅಚ್ಚುಕಟ್ಟಾದ ಸಮಾಧಿ ಕಟ್ಟಿಕೊಟ್ಟಿರಿ. ಪಕ್ಕದ ಮನೆಯ ಮುನಿರತ್ನಮ್ಮ ಬಂದು ನೋಡಿ, “ಗಿಡ ಉಟ್ಟೋ ಮಣ್ಣಾಗಿದ್ರೆ ಗಣಿಯೋರು ಅದ್ನ ನಮ್ಗೆ ಬಿಟ್ಟೋಗ್ತಿದ್ರಾ ಕಣಪ್ಪಾ?” ಎಂದರು. ಆಮೇಲೆ ಬೇತಮಂಗಲದ ಕೆರೆ ಮಣ್ಣು ತರಿಸಿದೆ, ದಂಟು ಸೊಗಸಾಗಿ ಎದ್ದಿತು. ತಾವು ಅದರ ಎಲೆಯೆಲೆಯನ್ನೂ ಹತ್ತಿ ಕುಳಿತಿರಿ. ತೊಳೆದೂ ತೊಳೆದೂ ನನ್ನ ಬೆರಳು ಸುಕ್ಕುಗಟ್ಟಿದವು.

ಬೇಕರಿಯ ಮೈದಾ ಬ್ರೆಡ್ಡು ಬಿಡಿಸಿ ನಾನೇ ಮಾಡಲು ಕಲಿತ ಬ್ರೆಡ್ಡಿನ ವಿಷಯದಲ್ಲಂತೂ ತಮ್ಮ ಪ್ರೀತಿಗೆ ಪಾರವೇ ಇಲ್ಲ. ಗೋಧಿಹಿಟ್ಟಿಗೆ ಒಂದಿಷ್ಟು ರಾಗಿಹಿಟ್ಟು ಸೇರಿಸಿ, ಈಸ್ಟ್ ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಉಬ್ಬಲು ಇಟ್ಟರೆ, ಬಾಗಿಲ ಸಂದಿನಿಂದಲೋ ಹೆಂಚಿನ ಸಂದಿನಿಂದಲೋ ಇಳಿದು ಬಂದು ನಮಗಿಂತ ಮೊದಲೇ ರುಚಿ ನೋಡುತ್ತೀರಿ. ಬೆಂದ ಬ್ರೆಡ್ಡು ಹಲ್ಲಿಗೆ ಕರಕರ ಎನ್ನುತ್ತದೆ. ಬೇಕರಿಯವರು ದುಡ್ಡಿಗೆ ಎಳ್ಳು ಉದುರಿಸುತ್ತಾರೆ, ತಾವು ಪುಕ್ಕಟೆಯಾಗಿ ತಮ್ಮನ್ನೇ ಉದುರಿಸುತ್ತೀರಿ. ಇಂಥ ಧಾರಾಳ ಯಾವ ಸಾಹುಕಾರನಲ್ಲೂ ಇಲ್ಲ.

ಆದ್ದರಿಂದ ಕೈಮುಗಿದು ಕೇಳುವುದಿಷ್ಟು. ನಾನು ಹಿಟ್ಟು ನಾದುವ ದಿನ ತಾವು ದಯವಿಟ್ಟು ಮನೆಯಲ್ಲೇ ಇರಬೇಕು. ಇರಲಾಗದಿದ್ದರೆ ಚಿನ್ನ ಹೋದ ದಿಕ್ಕಿಗೆ ಒಮ್ಮೆ ಹೋಗಿ, ಅಲ್ಲಿಯವರ ತಟ್ಟೆಯಲ್ಲೂ ನಾಲ್ಕು ದಿನ ಕುಳಿತು ಬರಬೇಕು. ಅದೂ ಆಗದಿದ್ದರೆ, ಕಲ್ಪನ ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಮಾತ್ರವಾದರೂ ತಾವು ಉಸಿರು ಬಿಗಿಹಿಡಿಯಬೇಕು. ಅಷ್ಟಾದರೆ ನನ್ನ ದಂಟಿನ ಬೀಜದಲ್ಲಿ ಅರ್ಧವನ್ನು ತಮ್ಮ ಬೋಳು ನೆತ್ತಿಗೆ ಎರಚಿ, ಚಿಗುರುವವರೆಗೂ ನೀರು ಹೊರುತ್ತೇನೆ.

ತಮ್ಮ ಧೂಳಿಯಲ್ಲೇ ಹುಟ್ಟಿ, ತಮ್ಮ ಧೂಳಿಯಲ್ಲೇ ನಾದುತ್ತಿರುವ,
ತಮ್ಮ ವಿಶ್ವಾಸಿ,
ಕೋದಂಡಪ್ಪ

ತಾ.ಕ.: ಮೊನ್ನೆ ಜಡಿಮಳೆ ಹಿಡಿದು ತಾವು ಅಲ್ಲಾಡಲಿಲ್ಲ, ನಾನು ತಂದ ಬೀಜ, ಕಲಿತ ವಿದ್ಯೆ ಎಲ್ಲ ಅಂದು ಸಾರ್ಥಕವಾಯಿತು. ಒಂದು ಹರಳೂ ಇಲ್ಲದ ಬ್ರೆಡ್ಡು, ಪಕ್ಕದಲ್ಲಿ ದಂಟಿನ ಪಲ್ಯ. ಈ ಲೈನಿನಲ್ಲೇ ಹುಟ್ಟಿ ಬೆಳೆದ ಕಲ್ಪನ ಒಂದು ತುಂಡು ಅಗಿದು, ನಿಲ್ಲಿಸಿ, ನನ್ನ ಮುಖ ನೋಡಿ, “ಏನೋ ಕಮ್ಮಿ ಐತಲ್ರೀ, ಉಪ್ಪಾಕಿದ್ರಾ?” ಎಂದಳು. ಉಪ್ಪು ಸರಿಯಾಗಿಯೇ ಇತ್ತು.