ಬೆಳವದ ಗೂಡಿಗೆ ಕ್ವಾಲಿಟಿ ಕಂಟ್ರೋಲು

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಆವತ್ತು ಪರದೆಯ ಹಿಂದೆ ನಿಂತು ನಾನು ಹಕ್ಕಿಯ ಹಾಗೆ ಕೂಗದೇ ಇದ್ದಿದ್ದರೆ, ನನ್ನ ಚಿಕ್ಕಪ್ಪ ಒಂದು ಜೊತೆ ಕಾಡು ಬೆಳವಗಳಿಗೆ ಮನೆ ಕಟ್ಟಿಕೊಡುವ ಹುಚ್ಚನ್ನು ಅಲ್ಲಿಗೇ ಬಿಟ್ಟು, ಮರ್ಯಾದಸ್ಥರ ಹಾಗೆ ಟೀವಿ ನೋಡಿಕೊಂಡು ಇರುತ್ತಿದ್ದರು. ಏನು ಮಾಡಲಿ, ನನ್ನ ಗಂಟಲಿನ ಹಣೆಬರಹವೇ ಅಂಥದ್ದು!

ಎಂಬತ್ತರ ದಶಕದ ಮಾತು. ಕಾಲೇಜಿನ ನೆಪದಲ್ಲಿ ಅಮೆರಿಕದ ಸಾಂಟಾ ಕ್ಲಾರಾದ ಅವರ ಅಪಾರ್ಟ್‌ಮೆಂಟಿನಲ್ಲಿ ಬೀಡುಬಿಟ್ಟಿದ್ದೆ. ಬಾಡಿಗೆಯ ಬದಲು ಅವರಿವರ ದನಿ ಅಣಕಿಸಿ ಮನರಂಜನೆ ಕೊಡುತ್ತಿದ್ದೆ. ಒಣಗಿದ ಕರಿಬೇವು ಹಿಡಿದು "ಫ್ರೆಶ್ ಸಾರ್, ಈಗ ತಾನೇ ಬಂತು" ಎನ್ನುವ ಎಲ್ ಕಮೀನೋ ರಸ್ತೆಯ ಅಂಗಡಿಯವನು, "ಎರಡೇ ಮಾತು" ಎಂದು ಮೈಕು ಹಿಡಿದು ಊಟ ತಣ್ಣಗಾದ ಮೇಲೆ ಬಿಡುವ ಕನ್ನಡ ಸಂಘದ ಹಿರಿಯರು, ಅಮೆರಿಕನ್ನರ ಹಾಗೆ ಇಂಗ್ಲಿಷ್ ಆಡಲು ಹೋಗಿ ನೆಗಡಿ ಹಿಡಿದವನ ಹಾಗೆ ಆಡುವ ನಾನು... ಎಲ್ಲರೂ ನನ್ನ ಬಾಯಲ್ಲಿದ್ದರು.

ಆದರೆ ಚಿಕ್ಕಪ್ಪನನ್ನು ಅನುಕರಿಸುವುದು ಮಾತ್ರ ಯಾರಿಂದಲೂ ಸಾಧ್ಯವಿರಲಿಲ್ಲ. ಹಕ್ಕಿಯೊಂದರ ಗೂಡನ್ನು ರಿಜೆಕ್ಟ್ ಮಾಡಿದ ಇನ್ನೊಬ್ಬ ಮನುಷ್ಯ ಭೂಮಿಯ ಮೇಲೆ ಇದ್ದರೆ ತೋರಿಸಿ, ನೋಡೋಣ! ಚಿಪ್ ಕಂಪನಿಯಲ್ಲಿ ಅವರ ಕೆಲಸ ಕುಂದು ಹುಡುಕುವುದು. ಮನೆಗೆ ಬಂದರೂ ಕಣ್ಣಿಗೆ ರಜೆಯಿಲ್ಲ. ದೋಸೆಯನ್ನು ಬೆಳಕಿಗೆ ಹಿಡಿದು, ದಪ್ಪ ಒಂದೇ ಸಮ ಇದೆಯೇ ಎಂದು ನೋಡಿ ಆಮೇಲೆ ತಿನ್ನುತ್ತಿದ್ದರು. "ಚಟ್ನಿ ಬೇಕಾ, ರಿಪೋರ್ಟ್ ಬರೆಯೋಕೆ ಪೆನ್ನು ಬೇಕಾ?" ಎಂದು ಚಿಕ್ಕಮ್ಮ ಕೇಳುತ್ತಿದ್ದರು.

ಆ ವಸಂತದಲ್ಲಿ ಚಿಕ್ಕಮ್ಮನಿಗೆ ಎಂಟು ತಿಂಗಳು ತುಂಬುತ್ತಿತ್ತು. ಮನೆಯಲ್ಲಿ ಅವರದು ಒಂದೇ ಒಂದು ಕಟ್ಟಪ್ಪಣೆ: ಹೆರಿಗೆಯಾಗುವ ತನಕ ಮಗುವಿಗೆಂದು ಒಂದು ಕಾಲ್ಚೀಲವೂ ಒಳಗೆ ಬರಕೂಡದು. ಹಿಂದೊಮ್ಮೆ, ಇಲ್ಲಿಯವರ ಹಾಗೆ ತೊಟ್ಟಿಲು ಮೊದಲೇ ತಂದಿದ್ದರು. ಆ ಮಗು ಉಳಿಯಲಿಲ್ಲ. ಚಿಕ್ಕಪ್ಪ ಒಬ್ಬರೇ ಹೋಗಿ ತೊಟ್ಟಿಲನ್ನು ಅಂಗಡಿಗೆ ಹಿಂದಿರುಗಿಸಿ ಬಂದಿದ್ದರು. ಹೀಗಾಗಿ ಈ ಸಲ ತಂದೆಯಾಗಲಿರುವ ಆ ಮನುಷ್ಯನ ಕೈಯಲ್ಲಿ ಸುತ್ತಿಗೆ ಇತ್ತು, ಕೆಲಸ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಬಾಲ್ಕನಿಯ ದೀಪದ ಮೇಲೆ ಬೆಳವಗಳು ಬಂದು ಕೂತವು. ಬೂದುಗಂದು ಮೈ, ಚೂಪು ಬಾಲ, ರೆಕ್ಕೆಯ ಮೇಲೆ ಶಾಯಿ ಸಿಡಿದ ಹಾಗೆ ಕಪ್ಪು ಚುಕ್ಕೆ. ಹಾರಿದರೆ ರೆಕ್ಕೆಯೇ ಸಿಳ್ಳೆ ಹೊಡೆಯುತ್ತದೆ. ನಮ್ಮೂರಿನ ಬೆಳವದ ಅಮೆರಿಕದ ನೆಂಟರು. ಎಲ್ಲ ಚೆನ್ನ, ಗೂಡು ಕಟ್ಟುವ ವಿದ್ಯೆ ಮಾತ್ರ ಸೊನ್ನೆ! ದೀಪದ ಮೇಲೆ ನಾಲ್ಕು ಕಡ್ಡಿ ಹರಡಿ ಎರಡು ಮೊಟ್ಟೆ ಇಟ್ಟವು; ಕೆಳಗೆ ನಿಂತರೆ ಕಡ್ಡಿಗಳ ಸಂದಿಯಿಂದ ಮೊಟ್ಟೆ ಕಾಣಿಸುತ್ತಿತ್ತು.

ಚಿಕ್ಕಪ್ಪ ಕುರ್ಚಿ ಹತ್ತಿ ಪರೀಕ್ಷಿಸಿ, ಮುಖ ಸಿಂಡರಿಸಿಕೊಂಡು ಇಳಿದರು. "ಇದು ಗೂಡೇನೋ? ಯಾರೋ ಕಡ್ಡಿ ಬೀಳಿಸಿಕೊಂಡು ಹೋಗಿದಾರೆ! ಒಂದು ಗಾಳಿ ಬೀಸಲಿ, ಎರಡೂ ಮೊಟ್ಟೆ ಪಾರ್ಕಿಂಗ್ ಲಾಟಿಗೆ!"

"ರೀ, ಅದು ನಿಮ್ಮ ಹತ್ರ ಕೆಲಸಕ್ಕೆ ಸೇರಿಲ್ಲ, ಬಿಡ್ರಿ" ಎಂದರು ಚಿಕ್ಕಮ್ಮ.

ಬಿಟ್ಟಾರೆಯೇ? ಮರುದಿನವೇ ತಂತಿಬಲೆಯ ಬುಟ್ಟಿಯೊಂದು ಗೂಡಿನ ಪಕ್ಕದಲ್ಲಿ ತೂಗಾಡಿತು. ಹಕ್ಕಿ ತಾನಾಗಿಯೇ ಒಳ್ಳೆಯ ಮನೆಗೆ ವರ್ಗವಾಗುತ್ತದಂತೆ! ಹಗಲು ಕಾವು ಕೂರುವ ಗಂಡು ಅದರತ್ತ ತಿರುಗಿಯೂ ನೋಡಲಿಲ್ಲ. ಸಂಜೆ ಪಾಳಿಗೆ ಬಂದ ಹೆಣ್ಣು ಬೆನ್ನು ಹಾಕಿ ಕೂತಿತು. ಚಿಕ್ಕಪ್ಪನ ಮುಖ ಬಾಡಿತು. ನನಗೋ ತುಂಟತನ. ಪರದೆಯ ಹಿಂದೆ ನಿಂತು, ಹೊಟ್ಟೆ ತುಂಬ ಊಟ ಮಾಡಿದ ಬೆಳವದ ಹಾಗೆ ದನಿ ತೆಗೆದೆ: "ಹೂ... ಊಊ... ಹೂ, ಹೂ, ಹೂ!"

ಚಿಕ್ಕಪ್ಪ ಪುಳಕಿತರಾದರು. "ಕೇಳಿದ್ಯೇನೇ? ಬುಟ್ಟಿ ಇಷ್ಟ ಆಗಿದೆ! ಸೈಜು ಸಾಲದು ಅಂತಿದೆ, ಅಷ್ಟೇ."

ಅಲ್ಲಿಂದ ಶುರು ನೋಡಿ. ದಿನಾ ಸಂಜೆ ನಾನು ಕೂಗುವುದು, ಅವರು ಹಿಗ್ಗುವುದು, ಗೂಡು ಬೆಳೆಯುವುದು. ಬುಟ್ಟಿ ಹೋಗಿ ತಟ್ಟೆ ಬಂತು, ತಟ್ಟೆ ಹೋಗಿ ರೆಡ್‌ವುಡ್ ಹಲಗೆಯ ಪೆಟ್ಟಿಗೆ ಬಂತು. ಒಳಗೆಲ್ಲ ಉಪ್ಪುಕಾಗದ ತಿಕ್ಕಿ ತಿಕ್ಕಿ ಕೆನ್ನೆಯ ಹಾಗೆ ನುಣುಪು ಮಾಡಿದರು. ಮೂಲೆಗಳನ್ನು ದುಂಡಗೆ ಮಾಡಿದರು. ನಾಲ್ಕು ಕಡೆ ಹಗ್ಗ ಕಟ್ಟಿ ತೂಗುಬಿಟ್ಟರು. ತಮ್ಮ ಹಳೆಯ ಮೆತ್ತನೆಯ ಪಂಚೆ ಹಾಸಿದರು.

"ಚಿಕ್ಕಪ್ಪ, ಇದರಲ್ಲಿ ಬೆಳವ ಅಲ್ಲ, ನವಿಲು ಸಂಸಾರ ಹೂಡಬಹುದು!"

"ನಿಂಗೇನೋ ಗೊತ್ತು? ಬೆಳೆಯೋ ಮರಿಗಳು. ಜಾಗ ಬೇಕು."

ಆ ಹೊತ್ತಿಗೆ ಮರಿಗಳು ಹೊರಬಂದಿದ್ದವು, ಅದೇ ದರಿದ್ರ ಕಡ್ಡಿಗಳ ಮೇಲೆ.

ಆಮೇಲೊಂದು ಮಧ್ಯಾಹ್ನ ಗಾಳಿ ಎದ್ದಿತು. ಮಳೆ ಅಡ್ಡಡ್ಡ ಹೊಡೆಯಿತು. ಚಿಕ್ಕಪ್ಪ ಮೀಟಿಂಗು ಬಿಟ್ಟು ಓಡಿಬಂದವರೇ, ಟೈ ಕಟ್ಟಿಕೊಂಡೇ ಕುರ್ಚಿ ಹತ್ತಿ ಗೂಡಿಗೆ ಛತ್ರಿ ಹಿಡಿದರು. ಗಾಳಿಗೆ ಛತ್ರಿ ಮಗುಚಿತು. ಅದನ್ನೆಸೆದು ಕೋಟು ಬಿಚ್ಚಿ ಅಡ್ಡ ಹಿಡಿದರು.

"ಲೋ, ಸುಮ್ನೆ ಯಾಕೋ ನಿಂತಿದೀಯ? ಪೆಟ್ಟಿಗೆ ಪಕ್ಕದಲ್ಲಿ ನಿಂತು ಕೂಗೋ! ಆ ಕಡೆ ಬರುತ್ತೇನೋ ನೋಡೋಣ!"

ನಾನು ಬೆಪ್ಪಾದೆ. "ಅಂದ್ರೆ... ನಿಮಗೆ ಗೊತ್ತಿತ್ತಾ?"

"ಯಾವ ಹಕ್ಕಿ ಕಣೋ ಇಡ್ಲಿ ತಿಂದು ಕೂಗೋ ಮಧ್ಯೆ ಡರ್ ಅಂತ ತೇಗುತ್ತೆ? ಮೊದಲ ದಿನಾನೇ ಗೊತ್ತಾಯ್ತು."

"ಮತ್ಯಾಕೆ ದಿನಾ ಕೇಳಿಸಿಕೊಂಡ್ರಿ?"

ಅವರು ಕೋಟನ್ನು ಇನ್ನಷ್ಟು ಎತ್ತಿ ಹಿಡಿದರು. ನಾನು ಕೂಗಿದೆ. ಬೆಳವ ಕದಲಲಿಲ್ಲ. ಮರಿಗಳ ಮೇಲೆ ಮೈ ಅಗಲಿಸಿಕೊಂಡು, ಕಣ್ಣು ಅರೆಮುಚ್ಚಿ, ಅಷ್ಟು ಮಳೆಗೂ ಹಾಗೇ ಕೂತೇ ಇತ್ತು.

ಮಳೆ ನಿಂತಾಗ ಒಂದು ಕಡ್ಡಿಯೂ ಬಿದ್ದಿರಲಿಲ್ಲ. ಬೆಳವದ ಎದೆಯಡಿಯಿಂದ ಎರಡು ಪುಟ್ಟ ಕೊಕ್ಕುಗಳು ಹೊರಗೆ ಇಣುಕಿದವು. ಚಿಕ್ಕಪ್ಪ ತೊಯ್ದು ತೊಪ್ಪೆಯಾಗಿ ಕೆಳಗಿಳಿದರು. ಪೆಟ್ಟಿಗೆಯ ಅಂಚಿನ ಮೇಲೆ ಒಮ್ಮೆ ಕೈಯಾಡಿಸಿದರು. "ಪಾಸಾಯ್ತು ಕಣೋ ಅದರ ಗೂಡು. ಇದು ಯಾರಿಗೂ ಬೇಡದ್ದು. ಒಡೆದು ಹಾಕ್ತೀನಿ" ಎಂದು ಹಗ್ಗದ ಗಂಟಿಗೆ ಕೈ ಹಾಕಿದರು.

ಗಾಜಿನ ಬಾಗಿಲು ಸರಿಯಿತು. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದರು. ಪೆಟ್ಟಿಗೆಯೊಳಗೆ ಕೈಯಿಟ್ಟು ದುಂಡಾದ ಮೂಲೆಗಳನ್ನು ಒಂದೊಂದಾಗಿ ಸವರಿದರು. ಪಂಚೆಯ ನಿರಿಗೆಯನ್ನು ಸರಿಮಾಡಿದರು. ಬೆರಳಿಂದ ಮೆಲ್ಲಗೆ ತಳ್ಳಿ, ಅದು ತೂಗುವುದನ್ನು ನಿಲ್ಲುವ ತನಕ ನೋಡಿದರು. ಚಿಕ್ಕಪ್ಪ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದರು.

"ಯಾಕ್ರೀ ಒಡೀತೀರಾ?" ಎಂದರು ಚಿಕ್ಕಮ್ಮ. "ಮಗೂಗೆ ಅಂತ ಏನೂ ಮಾಡಬೇಡಿ ಅಂದಿದ್ದೆ. ಇದು ಹಕ್ಕಿಗೆ ಅಂತ ಮಾಡಿದ್ದಲ್ವಾ? ಒರೆಸಿ ಒಳಗೆ ತನ್ನಿ."