ಅಕ್ಕಿಯ ಬೂಷ್ಟು ಮತ್ತು ನನ್ನ ಪೇರಲ ಗಿಡ

ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಶಿಕಾರಿಪುರದ ಮನೆಯ ಹಿತ್ತಲಲ್ಲಿ ಹಣ್ಣಿನ ಗಿಡ ಹಾಕಿದ ಮೇಲೆ ಒಂದಿಲ್ಲೊಂದು ಫಜೀತಿ ನಡೆಯುತ್ತಲೇ ಇದೆ. ಬಸ್ಸಿನಲ್ಲೂ ಇಷ್ಟು ನಡೆದಿರಲಿಲ್ಲ. ವಿಷದ ಔಷಧಿ ಒಂದು ಹನಿಯೂ ಹಿತ್ತಲಿಗೆ ಬರಕೂಡದೆಂದು ನಾನು ಪಣ ತೊಟ್ಟಿದ್ದೆ. ಸೊರಬದಲ್ಲಿ ಕೀಟನಾಶಕದ ಅಂಗಡಿ ಇಟ್ಟಿರುವ ಭಾವಮೈದುನ ಕೇಳಿ ನಕ್ಕುಬಿಟ್ಟ.

"ಪೇರಲ ಹಣ್ಣಾಗೋದ್ರೊಳಗೆ ಹುಳಕ್ಕೆ ಸೋತು ನನ್ನಂಗಡಿ ಮೆಟ್ಟಿಲು ಹತ್ತೇ ಹತ್ತೀರಿ, ಭಾವ" ಅಂದ.

ಅವತ್ತಿನಿಂದ ನನಗೆ ಅದೊಂದೇ ಹಟ.

೧. ಬಿಸಿಲಿಗೆ ಹಾಕಿದ ಔಷಧಿ

ಹುಳುಗಳಿಗೆ ರೋಗ ಹಿಡಿಸಿ ಕೊಲ್ಲುವ ಬಿಳಿ ಬೂಷ್ಟೊಂದಿದೆ. ಅಕ್ಕಿಯ ಮೇಲೆ ಬೆಳೆಸಿ ಪ್ಯಾಕೆಟ್ ಮಾಡಿ ಕೊಡುತ್ತಾರೆ. ಸಂಜೆ ತಂಪಿನಲ್ಲೇ ಸಿಂಪಡಿಸಬೇಕು, ಬಿಸಿಲು ತಾಗಿದರೆ ಸತ್ತುಹೋಗುತ್ತದೆ. ಪ್ಯಾಕೆಟ್ಟನ್ನು ಅಡುಗೆಮನೆಯಲ್ಲಿಟ್ಟು, ಬೇವಿನ ಬೀಜ ತರಲು ಉಡುತಡಿಗೆ ಹೋಗಿದ್ದೆ. ಬಂದು ನೋಡಿದರೆ ತಾರಸಿಯ ಸುಡುಬಿಸಿಲಲ್ಲಿ ಹೆಂಡತಿ ಅದನ್ನು ಹರವಿ ಕೂತಿದ್ದಾಳೆ. ಅಂಗಡಿಯವನು ನಿಮ್ಮ ಮುಖ ನೋಡಿ ಬೂಷ್ಟು ಹಿಡಿದ ಅಕ್ಕಿ ದಾಟಿಸಿದ್ದಾನೆ, ಎರಡು ಸಲ ಕೇರಿ ಒಣಹಾಕಿದ್ದೇನೆ ಅಂದಳು. ಹುಳುಗಳಿಗೆ ರೋಗ ತರುವ ಸಾಮಾನು ಅದು ಎಂದು ವಿವರಿಸಿದೆ.

"ಮತ್ತೆ ಅಡುಗೆಮನೇಲಿ ಯಾಕಿಟ್ರಿ?" ಅಂದಳು.

ಮರುದಿನ ಹೊಸ ಪ್ಯಾಕೆಟ್ ತಂದು, ಅವತ್ತೇ ಸಂಜೆ ಪೇರಲ ಗಿಡಕ್ಕೆ ಸಿಂಪಡಿಸಿದೆ.

೨. ಉಜ್ಜಿದ ಮೊಟ್ಟೆ

ದಾಳಿಂಬೆಯ ಕಾಯಿಕೊರಕಕ್ಕೆ ಬೇರೆ ಉಪಾಯ. ಅದರ ಮೊಟ್ಟೆಯನ್ನು ಹಾಳುಮಾಡುವ ಸಣ್ಣ ಕಣಜದ ಹುಳುಗಳು ಕಾರ್ಡಿಗೆ ಅಂಟಿಸಿದ ಮರಳಿನಂಥ ಮೊಟ್ಟೆಗಳಲ್ಲಿ ಬರುತ್ತವೆ. ಕಾರ್ಡನ್ನು ಕಿಟಕಿಯಲ್ಲಿಟ್ಟಿದ್ದೆ. ಹಿತ್ತಿಲ ಬಾಗಿಲು ರಿಪೇರಿಗೆ ಬಂದ ಬಡಗಿ ಭಾಯಿ ಅದನ್ನೇ ಉಪ್ಪುಕಾಗದವೆಂದುಕೊಂಡು ಬಾಗಿಲನ್ನು ಚೆನ್ನಾಗಿ ಉಜ್ಜಿಬಿಟ್ಟಿದ್ದ. ಕಾಗದ ಭಾಳ ಸವೆದೈತ್ರಿ ಎಂದು ನನಗೇ ದೂರು ಹೇಳಿದ. ಉಜ್ಜಿದ್ದು ಹುಳ ಕೊಲ್ಲುವ ಸಾವಿರಾರು ಮೊಟ್ಟೆ ಎಂದೆ. ಅವನು ಬಾಗಿಲನ್ನೊಮ್ಮೆ ಸವರಿ ನೋಡಿದ.

"ಹಂಗಾದ್ರೆ ಈ ಬಾಗ್ಲಿಗೆ ಇನ್ನು ಹುಳ ಹಿಡಿಯಂಗಿಲ್ಲ ಬಿಡ್ರಿ."

೩. ಭಾವಮೈದುನನ ಚೆಕಿಂಗ್

ಪೇರಲ ಹಣ್ಣಾಯಿತು. ಭಾವಮೈದುನ ಬಂದ. ಅವನ ಕಣ್ಣೆದುರೇ ಹತ್ತು ಹಣ್ಣು ಕೊಯ್ದೆ, ಒಂದರಲ್ಲೂ ಹುಳವಿಲ್ಲ. ಎಷ್ಟು ಹೆಮ್ಮೆಯಾಯಿತೆಂದರೆ, ಬಡಿಸುವ ನೆಪದಲ್ಲಿ ಇನ್ನೆರಡು ಕೊಯ್ದೆ. ಅವನು ಹನ್ನೆರಡೂ ಹಣ್ಣು ತಿಂದು ಕೈತೊಳೆದು, ಸೀದಾ ಹಿತ್ತಿಲಿಗೆ ನಡೆದ. ನಮ್ಮ ಬಸ್ಸಿಗೆ ಚೆಕಿಂಗ್ ಬರುತ್ತಿದ್ದವರ ಹಾಗೆ ಒಂದೊಂದೇ ಎಲೆ ಮಗುಚಿ ನೋಡತೊಡಗಿದ. ಕೊನೆಗೂ ಒಂದೆಲೆ ಕಿತ್ತು ತಂದ.

"ನೋಡ್ರಿ ಭಾವ, ಎಷ್ಟು ದಪ್ಪ ಹುಳ. ನಾಳೆ ಅಂಗಡಿಗೆ ಬರ್ರಿ."

ಕನ್ನಡಕ ಹಾಕಿಕೊಂಡು ನೋಡಿದೆ. ಹುಳ ಅಲ್ಲಾಡಲಿಲ್ಲ. ಕಡ್ಡಿಯಂತೆ ಸೆಟೆದು ಸತ್ತಿತ್ತು, ಮೈತುಂಬಾ ಬಿಳಿ ಬೂಷ್ಟು. ನನ್ನದೇ ಬೂಷ್ಟು! ಮಗ ಮೊದಲ ರ‍್ಯಾಂಕ್ ಬಂದಾಗಲೂ ನಾನು ಅಷ್ಟು ಬೀಗಿರಲಿಲ್ಲ. ಭಾವಮೈದುನ ಮೆಲ್ಲಗೆ, ತನ್ನ ಮನೆಯ ಪೇರಲಕ್ಕೂ ಒಂದು ಪ್ಯಾಕೆಟ್ ಬೇಕೆಂದ. ತನ್ನ ಔಷಧಿ ಹೊಡೆದ ಹಣ್ಣನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲವಂತೆ.

ಅಷ್ಟರಲ್ಲಿ ಹೆಂಡತಿ ತಮ್ಮನ ಕೈಯಿಂದ ಎಲೆ ಇಸಿದುಕೊಂಡು, ಹುಳವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನತ್ತ ತಿರುಗಿದಳು.

"ಇದನ್ನೂ ಒಂಚೂರು ಬಿಸಿಲಿಗಿಡ್ಲೇನ್ರೀ?"