ಕೆಟಲ್‌ಗೆ ಮಂಜೂರಾತಿ

ಹೋದ ಬೇಸಿಗೆ ರಜೆಯ ಮೊದಲ ಶನಿವಾರ ಸಂಜೆ, ಕೆರೆದಂಡೆಯ ಪ್ರವಾಸಿ ತಂಗುದಾಣದಲ್ಲಿ ನಿಂತಿದ್ದ, ಒಳಗೇ ಉಂಡು ಮಲಗುವ ಬಾಡಿಗೆಯ ಮನೆಬಸ್ಸೊಂದರಲ್ಲಿ ಕರೆಂಟು ಹೋಯಿತು. ತಂಗುದಾಣದ ಕಂಬ ಒಂದು ಬಸ್ಸಿಗೆ ಕೊಡುವುದು ಎರಡು ಸಾವಿರ ವಾಟ್. ಏಸಿ ಆಗಲೇ ಒಂದು ಸಾವಿರ ನುಂಗುತ್ತಿತ್ತು. ನೀರು ಕಾಯಿಸುವ ಕೆಟಲ್ ಒಂದೂವರೆ ಸಾವಿರ ಕೇಳಿತು. ಸ್ವಿಚ್ಚಿಗೆ ಕೂಡುವ ಲೆಕ್ಕ ಬರುತ್ತಿತ್ತು. ಬಿತ್ತು.

ಕೆಟಲ್ ಹಾಕಿದ್ದು ಹೆಂಡತಿ. ದಿನವಿಡೀ ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡಿತ್ತು. ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದರೆ ಸಾಕು ಅನ್ನಿಸಿತ್ತು ಆಕೆಗೆ. ಗಂಡ ವಿದ್ಯುತ್ ಇಲಾಖೆಯ ಲೋಡ್ ಮಂಜೂರಾತಿ ವಿಭಾಗದಿಂದ ಆಗಷ್ಟೇ ನಿವೃತ್ತರಾದವರು. ಸ್ವಿಚ್ಚು ಬಿದ್ದ ಸದ್ದಿಗೆ, ನಿವೃತ್ತಿಯಾದ ಮೇಲೆ ಮೊದಲ ಸಲ, ಅವರ ಮುಖಕ್ಕೆ ಕಳೆ ಬಂತು. ತಂಗುದಾಣದ ಮ್ಯಾನೇಜರು ಬಂದು ಸ್ವಿಚ್ಚು ಎತ್ತಿಹೋದರು, ಏಸಿ ಮತ್ತೆ ಓಡಿತು.

“ಅಪ್ಪ, ಐದು ನಿಮಿಷ ಏಸಿ ಆರಿಸು. ಅಮ್ಮನ ನೀರು ಕಾಯ್ಲಿ,” ಅಂದಳು ಮಗಳು.

“ಹಾಗೆ ಆರಿಸಿಬಿಡೋದಾದ್ರೆ ಇಲಾಖೆ ಅಂತ ಯಾಕಮ್ಮ ಇರಬೇಕು?”

ಊಟದ ಮೇಜು ಕಚೇರಿಯಾಯಿತು. ಅವರು ಎದ್ದು ನಿಂತು ಪ್ರಕಟಣೆ ಓದಿದರು: “ಬಸ್ಸಿನ ಸಮಸ್ತ ಬಳಕೆದಾರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಈಗಾಗಲೇ ಓಡುತ್ತಿರುವ ಉಪಕರಣ ಹಾಲಿ ಬಳಕೆ, ಮಿಕ್ಕಿದ್ದೆಲ್ಲ ಹೊಸ ಬೇಡಿಕೆ. ಹೊಸ ಬೇಡಿಕೆಗೆ ಹಾಲಿ ಬಳಕೆದಾರರ ಒಪ್ಪಿಗೆ ಕಡ್ಡಾಯ.”

ಓಡುತ್ತಿದ್ದದ್ದು ಏಸಿ ಒಂದೇ, ಅದೂ ಅವರ ಹಾಸಿಗೆಯ ಮೇಲೆ. ಹೆಂಡತಿ ಒಪ್ಪಿಗೆ ಕೇಳಿದರು. ಬಳಕೆದಾರರಾಗಿ ಗಂಡ ಸೆಕೆಯ ಕಾರಣ ಕೊಟ್ಟು ನಿರಾಕರಿಸಿದರು. ಅಧಿಕಾರಿಯಾಗಿ ಆ ನಿರಾಕರಣೆಗೆ ವಿಷಾದಿಸಿದರು.

ಅಳಿಯನಿಗೆ ಲೋಕಜ್ಞಾನವಿತ್ತು. “ಅತ್ತೆ, ಒಳಗೆ ನಾನು ಮಾತಾಡ್ತೀನಿ. ಬರಿಗೈಲಿ ಹೋಗೋಕಾಗಲ್ಲ, ಅಷ್ಟೆ,” ಅಂದ. ಒಳಗೆ ಅಂದರೆ ಮೂರು ಹೆಜ್ಜೆ ಆಚೆ. ಅತ್ತೆ ಕೊಟ್ಟ ಬಿಸ್ಕತ್ತಿನ ಪೊಟ್ಟಣ ಅಲ್ಲಿ ತಲುಪುವಷ್ಟರಲ್ಲಿ ಅರ್ಧವಾಗಿತ್ತು. ಆದರೂ ಕೆಲಸ ಮಾಡಿತು. ಕೆಟಲ್ ವೈದ್ಯಕೀಯ ಕೋಟಾಕ್ಕೆ ಸೇರಿತು. ಸಾಹೇಬರು ಸ್ಥಳ ಪರಿಶೀಲನೆಗೆ ಬಂದರು.

“ನೋವು ಎಲ್ಲಿ?”

“ಮೂವತ್ತು ವರ್ಷದಿಂದ ನೋಡ್ತಾನೇ ಇದ್ದೀರಲ್ಲ ರೀ.”

“ಅದು ಖಾಸಗಿಯಾಗಿ ನೋಡಿದ್ದು.”

ಸೊಂಟ ಇರುವುದು ದೃಢಪಟ್ಟಿತು. ಬೆಳಗ್ಗೆ, ಸೆಕೆ ತಗ್ಗಿದ ಮೇಲೆ, ಒಂದು ಸಲ ನೀರು ಕಾಯಿಸಲು ಮಂಜೂರಾತಿ ಸಿಕ್ಕಿತು. ಹೆಂಡತಿ ಮಗ್ಗುಲು ಬದಲಿಸಲಾಗದೆ ಅಂಗಾತ ಮಲಗಿ ಬೆಳಕು ಹರಿಯುವುದನ್ನೇ ಕಾದರು.

ಬೆಳಗ್ಗೆ ಕೆಟಲ್ ಕೈಗೆತ್ತಿಕೊಂಡಾಗ ಬಾಗಿಲಲ್ಲಿ ಜನ. ಅಕ್ಕಪಕ್ಕದ ಬಸ್ಸುಗಳಲ್ಲೆಲ್ಲ ರಾತ್ರಿ ಸ್ವಿಚ್ಚು ಬೀಳುತ್ತಲೇ ಇತ್ತಂತೆ. ಎತ್ತಿ ಎತ್ತಿ ಸುಸ್ತಾಗಿದ್ದ ತಂಗುದಾಣದ ಮ್ಯಾನೇಜರು, ಈ ಬಸ್ಸಿನಲ್ಲಿ ಮಾತ್ರ ಬೀಳುವುದು ಒಂದು ಸಲಕ್ಕೇ ನಿಂತುಹೋದದ್ದು ಹೇಗೆಂದು ವಿಚಾರಿಸಿದರು.

“ಯಾರಿಗೂ ಏನೂ ಹಾಕೋಕೆ ಬಿಡ್ಲಿಲ್ಲ,” ಅಂದರು ಸಾಹೇಬರು.

ಇಂಥ ಸುಲಭ ಉಪಾಯ ಮ್ಯಾನೇಜರಿಗೆ ಹೊಳೆದಿರಲೇ ಇಲ್ಲ. ಮರದ ಕೆಳಗೆ ಮೇಜು ಕುರ್ಚಿ ಹಾಕಿಸಿದರು. ಇಡೀ ತಂಗುದಾಣ ಸಾಹೇಬರ ವ್ಯಾಪ್ತಿಗೆ ಬಂತು. ಹೊಸ ಆಡಳಿತ ಬಂದದ್ದರಿಂದ ಹಳೆಯ ಮಂಜೂರಾತಿಗಳು ತಾವಾಗಿಯೇ ರದ್ದಾದವು. ಎಲ್ಲರಿಗೂ ಸೇರಿ ಒಂದೇ ಕೆಟಲ್, ಒಬ್ಬರಾದ ಮೇಲೆ ಒಬ್ಬರು. ಕೆಟಲ್ ಹೆಂಡತಿಯದೇ. ಸ್ವಜನಪಕ್ಷಪಾತದ ಮಾತು ಬರಬಾರದೆಂದು ಸಾಹೇಬರ ಮನೆಯವರು ಸಾಲಿನ ಕೊನೆಗೆ.

ಹೆಂಡತಿ ಖಾಲಿ ಚೀಲ ಹಿಡಿದು, ಇನ್ನೊಂದು ಕೈ ಸೊಂಟಕ್ಕೆ ಕೊಟ್ಟು ನಿಂತರು. ಮುಂದಿದ್ದ ಹೆಂಗಸು ತಿರುಗಿ, “ಹೆಂಡತಿ ಅಂತಾನೂ ನೋಡಲ್ವಲ್ಲ ನಿಮ್ಮವರು, ಎಷ್ಟು ಕಟ್ಟುನಿಟ್ಟು,” ಅಂದರು.

“ಮೊದಲಿಂದಲೂ ಹಾಗೇನೇ ಅವರು,” ಅಂದರು ಹೆಂಡತಿ. ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಅವರ ಸರದಿ ನಲವತ್ತೊಂದು.